ತಿರುಗಿಬಿದ್ದ ನಾವಿಕನು: ಜಾನ್ ನ್ಯೂಟನನ ಚರಿತ್ರೆ

ಹಿರಿಯರ ಮಾತಿಗೆ ಎದುರಾಡಬಾರದೆಂಬ ಬುದ್ಧಿವಾದವನ್ನು ನಮ್ಮ ಮಕ್ಕಳು ಮನೆಯಲ್ಲಿಯೂ ಪಾಠಶಾಲೆಯಲ್ಲಿಯೂ ದೇವಾಲಯದಲ್ಲಿಯೂ ಕೇಳುತ್ತಲೇ ಬೆಳೆಯುತ್ತಾರೆ. ಆದರೂ ಒಂದಲ್ಲ ಒಂದು ವಯಸ್ಸಿನಲ್ಲಿ ತಿರುಗಿಬೀಳದ ಮಗುವು ಅಪರೂಪ. ಹಾಗೆ ತಿರುಗಿಬಿದ್ದವರನ್ನು ಮರಳಿ ತರುವ ಶಕ್ತಿ ಯಾವುದು, ಮರಳಿ ಬಂದವರಿಗೆ ದೊರೆಯುವ ಕ್ಷಮೆ ಎಂತಹದು, ಕ್ಷಮೆ ಹೊಂದಿದ ಮೇಲೆ ಅವರು ಮಾಡಬೇಕಾದುದೇನು ಎಂಬ ಮೂರು ಪ್ರಶ್ನೆಗಳು ತಂದೆತಾಯಿಗಳನ್ನೂ ಉಪಾಧ್ಯಾಯಿನಿಯರನ್ನೂ ಕಾಡದೆ ಇರುವುದಿಲ್ಲ. ಇವುಗಳಿಗೆ ಉಪದೇಶದ ರೂಪದಲ್ಲಿ ಉತ್ತರ ಕೊಡುವುದಕ್ಕಿಂತ ಒಬ್ಬ ಮನುಷ್ಯನ ನಡತೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವುದು ಮೇಲೆಂದು ತೋರಿದ್ದರಿಂದ, ಜಾನ್ ನ್ಯೂಟನನ ಚರಿತ್ರೆಯನ್ನು ಸಂಗ್ರಹವಾಗಿ ಇಲ್ಲಿ ಬರೆಯುತ್ತೇವೆ. ಭೂಮಿಯ ಆಕರ್ಷಣ ಶಕ್ತಿಯನ್ನು ಕುರಿತು ಬರೆದ ಐಸಾಕ್ ನ್ಯೂಟನನು ಬೇರೆ, ಇವನು ಬೇರೆ. ಇವನು ಅಮೇಜಿಂಗ್ ಗ್ರೇಸ್ ಎಂದು ಲೋಕವೆಲ್ಲ ಬಲ್ಲ ಇಂಗ್ಲಿಷ್ ಕೀರ್ತನೆಯನ್ನು ರಚಿಸಿದವನು.

ಜಾನ್ ನ್ಯೂಟನನು ೧೭೨೫ನೆಯ ಇಸವಿ ಜುಲೈ ತಿಂಗಳಲ್ಲಿ ಲಂಡನ್ ಪಟ್ಟಣದ ವಾಪಿಂಗ್ ಎಂಬ ರೇವು ಪ್ರದೇಶದಲ್ಲಿ ಹುಟ್ಟಿದನು. ತಂದೆಯು ವ್ಯಾಪಾರದ ಹಡಗಿನ ಕಪ್ತಾನನು. ವರ್ಷದ ಹೆಚ್ಚು ಭಾಗವನ್ನು ಮೆಡಿಟರೇನಿಯನ್ ಸಮುದ್ರದ ಮೇಲೆ ಕಳೆಯುತ್ತಿದ್ದವನು. ಮನೆಗೆ ಬಂದಾಗಲೂ ಅವನ ಮಾತಿನಲ್ಲಿ ಸಲಿಗೆಗಿಂತ ಗಾಂಭೀರ್ಯವೇ ಹೆಚ್ಚಾಗಿತ್ತು. ತಾಯಿಯಾದ ಎಲಿಜಬೆತಳು ದೇವಭಕ್ತೆ, ದೇಹದಲ್ಲಿ ದುರ್ಬಲೆ. ಇದ್ದ ಒಬ್ಬನೇ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳು ಅಕ್ಷರ ಕಲಿಸಿದಳು. ಸತ್ಯವೇದದ ಭಾಗಗಳನ್ನೂ ಪ್ರಶ್ನೋತ್ತರಗಳನ್ನೂ ಮಕ್ಕಳ ಹಾಡುಗಳನ್ನೂ ಬಾಯಿಪಾಠ ಮಾಡಿಸಿದಳು. ನಾಲ್ಕು ವರ್ಷದ ಹುಡುಗನು ಓದಬಲ್ಲವನಾದನು. ಆರನೆಯ ವರ್ಷದಲ್ಲಿ ಲ್ಯಾಟಿನ್ ಭಾಷೆಯನ್ನು ಆರಂಭಿಸಿದನು. ಮಗನು ಬೆಳೆದು ದೇವರ ವಾಕ್ಯವನ್ನು ಬೋಧಿಸುವವನಾಗಬೇಕೆಂದು ಆ ತಾಯಿಯ ಆಸೆ. ಆದರೆ ೧೭೩೨ರಲ್ಲಿ, ಹುಡುಗನಿಗೆ ಏಳು ವರ್ಷ ತುಂಬುವುದಕ್ಕೆ ಕೆಲವೇ ದಿನಗಳಿದ್ದಾಗ, ಅವಳು ಕ್ಷಯರೋಗದಿಂದ ತೀರಿಕೊಂಡಳು. ತಂದೆಯು ಎರಡನೆಯ ಮದುವೆ ಮಾಡಿಕೊಂಡನು. ಹುಡುಗನನ್ನು ಒಂದು ವಸತಿ ಪಾಠಶಾಲೆಗೆ ಕಳುಹಿಸಿದರು. ಅಲ್ಲಿಯ ಉಪಾಧ್ಯಾಯನ ಅತಿಯಾದ ಕಾಠಿಣ್ಯದಿಂದ ಅವನ ಮನಸ್ಸು ಮುದುಡಿ, ಕಲಿತದ್ದೂ ಮರೆತುಹೋಯಿತು. ಹನ್ನೊಂದನೆಯ ವರ್ಷದಲ್ಲಿ ತಂದೆಯು ಅವನನ್ನು ತನ್ನ ಹಡಗಿಗೆ ಹತ್ತಿಸಿಕೊಂಡನು.

ಹುಡುಗನು ಕೆಟ್ಟವನಾಗಿ ಹುಟ್ಟಲಿಲ್ಲ. ಎಷ್ಟೋ ಸಾರಿ ತನ್ನಷ್ಟಕ್ಕೆ ತಾನೇ ಉಪವಾಸವಿದ್ದು, ಪ್ರಾರ್ಥನೆ ಮಾಡಿ, ಒಳ್ಳೆಯವನಾಗಲು ಹೊರಟನು. ಎಷ್ಟೋ ಸಾರಿ ಬೇಸತ್ತು ಬಿಟ್ಟನು. ಕ್ರಮೇಣ ಯಾರ ಅಧೀನದಲ್ಲಿಯೂ ಇರಲಾರೆನೆಂಬ ಹಟ ಅವನಲ್ಲಿ ಬೇರೂರಿತು. ೧೭೪೨ರ ಡಿಸೆಂಬರಿನಲ್ಲಿ, ತಂದೆಯ ಸ್ನೇಹಿತನಾದ ಜೋಸೆಫ್ ಮ್ಯಾನೆಸ್ಟಿ ಎಂಬ ಲಿವರ್ಪೂಲಿನ ವರ್ತಕನು ಜಮೈಕಾ ದ್ವೀಪದಲ್ಲಿ ಅವನಿಗೊಂದು ಕೆಲಸವನ್ನು ಗೊತ್ತುಮಾಡಿದ್ದನು. ಹಡಗು ಹೊರಡುವ ಮುಂಚೆ ಯುವಕನು ಕೆಂಟ್ ಪ್ರಾಂತದಲ್ಲಿದ್ದ ಕ್ಯಾಟ್ಲೆಟ್ ಕುಟುಂಬದವರನ್ನು ನೋಡಹೋದನು. ಅವನ ತಾಯಿಯನ್ನು ಕೊನೆಯ ಕಾಲದಲ್ಲಿ ಉಪಚರಿಸಿದವರು ಅವರೇ. ಅಲ್ಲಿ ಹದಿನಾಲ್ಕು ವರ್ಷ ತುಂಬುತ್ತಿದ್ದ ಮೇರಿ ಎಂಬ ಮಗಳನ್ನು ಕಂಡು ಅವನು ಮನಸೋತನು. ಮೂರು ದಿನಕ್ಕೆಂದು ಹೋದವನು ಬೇಕೆಂದೇ ಮೂರು ವಾರ ನಿಂತನು, ಹಡಗು ಹೊರಟುಹೋಯಿತು. ತಂದೆಯು ಸಿಟ್ಟಾದರೂ ಮನ್ನಿಸಿ ಇನ್ನೊಂದು ಹಡಗಿನಲ್ಲಿ ಸಾಧಾರಣ ನಾವಿಕನಾಗಿ ವೆನಿಸಿಗೆ ಕಳುಹಿಸಿದನು. ಹಿಂದಿರುಗಿದ ಮೇಲೂ ಇದೇ ತಪ್ಪನ್ನು ಯುವಕನು ಮತ್ತೆ ಮಾಡಿದನು.

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕಡಲ ಕೆಲಸ ಬಲ್ಲವರನ್ನು ಬಲಾತ್ಕಾರವಾಗಿ ಹಿಡಿದು ಯುದ್ಧದ ಹಡಗುಗಳಿಗೆ ಸೇರಿಸುವ ಪದ್ಧತಿಯಿತ್ತು. ೧೭೪೪ರಲ್ಲಿ ಫ್ರಾನ್ಸಿನೊಡನೆ ಯುದ್ಧವು ಒದಗುವ ಸಮಯದಲ್ಲಿ ನ್ಯೂಟನನು ಹಾಗೆ ಸಿಕ್ಕಿಬಿದ್ದು ಹಾರ್ವಿಚ್ ಎಂಬ ಯುದ್ಧನೌಕೆಗೆ ಸೇರಬೇಕಾಯಿತು. ತಂದೆಯ ಶಿಫಾರಸಿನಿಂದ ಅಲ್ಲಿ ಮಿಡ್‌ಷಿಪ್‌ಮನ್ ಎಂಬ ಕಿರಿಯ ಅಧಿಕಾರಿಯ ಸ್ಥಾನವೂ ದೊರೆಯಿತು. ಆದರೆ ಒಬ್ಬ ಜತೆಗಾರನ ಮಾತುಗಳನ್ನು ಕೇಳಿ, ದೇವರೂ ಇಲ್ಲ, ಸತ್ತ ಮೇಲೆ ಲೆಕ್ಕ ಒಪ್ಪಿಸುವುದೂ ಇಲ್ಲವೆಂಬ ಅಭಿಪ್ರಾಯವನ್ನು ಅವನು ಹಿಡಿದನು. ಹಡಗು ಪ್ಲಿಮತ್ ರೇವಿನಲ್ಲಿದ್ದಾಗ ನಾವಿಕರು ತಪ್ಪಿಸಿಕೊಂಡು ಹೋಗದಂತೆ ಕಾಯುವುದಕ್ಕೆ ಕಪ್ತಾನನು ಇವನನ್ನು ದಡಕ್ಕೆ ಕಳುಹಿಸಿದನು, ಕಾಯಬೇಕಾದವನೇ ಓಡಿಹೋದನು. ತಂದೆಯಿದ್ದ ಊರಿನ ಕಡೆಗೆ ನಡೆಯುತ್ತಿದ್ದಾಗ ಸಿಪಾಯಿಗಳು ಹಿಡಿದು, ಕಳ್ಳನನ್ನು ನಡೆಸುವಂತೆ ಬೀದಿಗಳಲ್ಲಿ ನಡೆಸಿಕೊಂಡು ಬಂದು ಒಪ್ಪಿಸಿದರು. ಅವನಿಗೆ ಕೋಳ ಹಾಕಿದರು. ಎಲ್ಲರೆದುರಿನಲ್ಲಿ ಅಂಗಿ ಬಿಚ್ಚಿಸಿ ಕೊರಡೆಯಿಂದ ಹೊಡೆದರು. ಸ್ಥಾನವನ್ನು ಕಿತ್ತು ಕೊನೆಯ ನಾವಿಕನಿಗಿಂತ ಕೆಳಗಿಳಿಸಿದರು.

ಈ ದಂಡನೆಯಿಂದ ಅವನು ತಿದ್ದಿಕೊಂಡನೇ? ಇಲ್ಲ. ಕಪ್ತಾನನನ್ನು ಕೊಲ್ಲುವ ಯೋಚನೆಯೂ ತಾನು ಸಮುದ್ರಕ್ಕೆ ಬೀಳುವ ಯೋಚನೆಯೂ ಅವನ ಮನಸ್ಸಿನಲ್ಲಿ ಒಂದರ ಹಿಂದೊಂದು ಬಂದುವು. ಮೇರಿಯು ತನ್ನ ವಿಷಯದಲ್ಲಿ ಕೆಟ್ಟದ್ದನ್ನು ಎಣಿಸಬಾರದೆಂಬ ಒಂದೇ ಆಸೆ ಅವನ ಕೈಯನ್ನು ತಡೆಯಿತು. ದಂಡನೆಯು ಹುಡುಗನ ಬೆನ್ನನ್ನು ಬಗ್ಗಿಸಬಲ್ಲುದು, ಮನಸ್ಸನ್ನು ಬಗ್ಗಿಸಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮದೀರಾ ದ್ವೀಪದ ಬಳಿ ಕಪ್ತಾನನು ಇವನನ್ನು ಆಫ್ರಿಕಕ್ಕೆ ಹೊರಟಿದ್ದ ಒಂದು ವ್ಯಾಪಾರದ ಹಡಗಿಗೆ ಬದಲಾಯಿಸಿಕೊಟ್ಟನು. ಹೊಸ ಹಡಗಿನಲ್ಲಿ ತನ್ನನ್ನು ಬಲ್ಲವರು ಯಾರೂ ಇಲ್ಲ, ಇನ್ನು ಮನಸ್ಸು ಬಂದಷ್ಟು ಕೆಡಬಹುದು ಎಂದು ಅವನು ಸಂತೋಷಪಟ್ಟನು. ಅಲ್ಲಿಯೂ ಕಪ್ತಾನನನ್ನು ಹಾಸ್ಯಮಾಡಿ ಹಾಡು ಕಟ್ಟಿ ನಾವಿಕರಿಗೆಲ್ಲ ಕಲಿಸಿದನು. ದೇವದೂಷಣೆಯಲ್ಲಿ ಹಳೆಯ ನಾವಿಕರನ್ನೂ ಮೀರಿಸಿದನು.

ಆ ಹಡಗಿನ ಕೆಲಸವು ಮನುಷ್ಯರ ವ್ಯಾಪಾರ. ಇಂಗ್ಲೆಂಡಿನಿಂದ ಬಟ್ಟೆ, ಬಂದೂಕು, ಸಾರಾಯಿ ಮುಂತಾದ ಸರಕುಗಳನ್ನು ಆಫ್ರಿಕದ ಪಶ್ಚಿಮ ಕರಾವಳಿಗೆ ಒಯ್ಯುವುದು. ಅವುಗಳಿಗೆ ಬದಲಾಗಿ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಕೊಳ್ಳುವುದು. ಅವರನ್ನು ಅಟ್ಲಾಂಟಿಕ್ ಸಾಗರದ ಆಚೆಗೆ ಸಾಗಿಸಿ ಕಬ್ಬಿನ ತೋಟಗಳವರಿಗೆ ಮಾರುವುದು. ಬಂದ ಹಣದಿಂದ ಸಕ್ಕರೆ ಮೊದಲಾದುವನ್ನು ತುಂಬಿಕೊಂಡು ಊರಿಗೆ ಮರಳುವುದು. ನ್ಯೂಟನನು ಸಿಯೆರಾ ಲಿಯೋನ್ ಕರಾವಳಿಯ ಪ್ಲಾಂಟೇನ್ ದ್ವೀಪಗಳಲ್ಲಿ ಇಳಿದು ಒಬ್ಬ ಬಿಳಿಯ ವರ್ತಕನ ಕೈಕೆಳಗೆ ನಿಂತನು. ಜ್ವರ ಬಂದು ಮಲಗಿದಾಗ ವರ್ತಕನ ಮನೆಯ ಯಜಮಾನಿಯು ಅವನಿಗೆ ಅನ್ನನೀರನ್ನೂ ಸರಿಯಾಗಿ ಕೊಡಲಿಲ್ಲ. ಗುಣವಾದ ಮೇಲೆ, ಕಳ್ಳತನದ ಸುಳ್ಳು ಆಪಾದನೆಯಿಂದ ವರ್ತಕನೂ ಕ್ರೂರನಾದನು. ಹರಕು ಬಟ್ಟೆಯಲ್ಲಿ, ಮಳೆಯಲ್ಲಿ, ಹಸಿವಿನಲ್ಲಿ ಅವನು ದಿನಗಳನ್ನು ಕಳೆದನು. ಉಳಿದಿದ್ದ ಒಂದೇ ಪುಸ್ತಕವು ಯೂಕ್ಲಿಡನ ರೇಖಾಗಣಿತ. ಸಮುದ್ರದ ಮರಳಿನಲ್ಲಿ ಕೋಲಿನಿಂದ ರೇಖೆಗಳನ್ನೆಳೆದು ಅದನ್ನು ಕಲಿಯುತ್ತಿದ್ದನು.

ಈ ದುರವಸ್ಥೆಯಲ್ಲಿ ನಡೆದ ಒಂದು ಸಂಗತಿಯನ್ನು ವಾಚಕರು ಗಮನವಿಟ್ಟು ನೋಡಬೇಕು. ಮಾರಾಟಕ್ಕೆಂದು ಸಂಕೋಲೆ ಹಾಕಿ ಕೂಡಿಟ್ಟಿದ್ದ ಗುಲಾಮರಿಗೆ ಹೊಟ್ಟೆ ತುಂಬುವಷ್ಟು ಆಹಾರವನ್ನು ಯಾರೂ ಕೊಡುತ್ತಿರಲಿಲ್ಲ. ಆ ಜನರು ತಮ್ಮ ಪಾಲಿನಿಂದ ಸ್ವಲ್ಪವನ್ನು ತೆಗೆದಿಟ್ಟು, ಯಾರೂ ಕಾಣದಂತೆ ಈ ಬಿಳಿಯ ಯುವಕನಿಗೆ ಕೊಟ್ಟರು. ಅವನು ಅವರ ಜಾತಿಯವನಲ್ಲ, ಭಾಷೆಯವನಲ್ಲ. ಅವರನ್ನು ಮಾರುವವರ ಪಂಗಡಕ್ಕೆ ಸೇರಿದವನು. ಆದರೂ ಹಸಿದವನೆಂದು ಕೊಟ್ಟರು. ನ್ಯೂಟನನು ಇದನ್ನು ಮರೆಯಲಿಲ್ಲ. ಮುಂದೆ ತನ್ನ ಚರಿತ್ರೆಯಲ್ಲಿ ಬರೆದಿಟ್ಟನು. ಆದರೆ ಆ ಅನ್ನದ ಋಣವು ಎಷ್ಟು ದೊಡ್ಡದೆಂಬುದು ಅವನಿಗೆ ತಿಳಿಯಲು ಬಹುಕಾಲ ಹಿಡಿಯಿತು.

ಮಗನು ಬರೆದ ಕಾಗದಗಳು ತಂದೆಗೆ ತಲಪಿದುವು. ತಂದೆಯು ತಿರಸ್ಕರಿಸಲಿಲ್ಲ. ಮ್ಯಾನೆಸ್ಟಿಯನ್ನು ಬೇಡಿಕೊಂಡು, ಆ ಕರಾವಳಿಗೆ ಹೋಗುವ ಅವನ ಗ್ರೇಹೌಂಡ್ ಎಂಬ ಹಡಗಿನ ಕಪ್ತಾನನಿಗೆ ಮಗನನ್ನು ಹುಡುಕಿ ತರುವಂತೆ ಹೇಳಿಸಿದನು. ೧೭೪೭ರಲ್ಲಿ ಕಪ್ತಾನನು ನ್ಯೂಟನನನ್ನು ಕಂಡಾಗ ಅವನು ಮತ್ತೊಬ್ಬ ವರ್ತಕನ ಬಳಿ ಸುಖವಾಗಿಯೇ ಇದ್ದನು, ಮರಳುವ ಇಚ್ಛೆಯಿರಲಿಲ್ಲ. ಊರಿನಲ್ಲಿ ಆಸ್ತಿ ಬಂದಿದೆಯೆಂದು ಕಪ್ತಾನನು ಸುಳ್ಳು ಹೇಳಿ ಹತ್ತಿಸಿಕೊಳ್ಳಬೇಕಾಯಿತು. ಗ್ರೇಹೌಂಡ್ ಹಡಗು ಬಂಗಾರ, ಆನೆಯ ದಂತ, ಬಣ್ಣದ ಮರ, ಜೇನುಮೇಣ ಇವುಗಳನ್ನು ಕೊಳ್ಳುತ್ತ ಒಂದು ವರ್ಷ ಕರಾವಳಿಯಲ್ಲಿ ಸುತ್ತಿ, ೧೭೪೮ರ ಆರಂಭದಲ್ಲಿ ಊರಿನ ಕಡೆಗೆ ತಿರುಗಿತು.

ಅದೇ ವರ್ಷ, ಆಗಿನ ಹಳೆಯ ಪಂಚಾಂಗದ ಪ್ರಕಾರ ಮಾರ್ಚ್ ತಿಂಗಳ ೧೦ನೆಯ ತಾರೀಖಿನ ರಾತ್ರಿಯಲ್ಲಿ ಮಹಾ ಬಿರುಗಾಳಿಯೆದ್ದಿತು. ಹಿಂದಿನ ದಿನ ನ್ಯೂಟನನು ಕಾಲ ಕಳೆಯುವುದಕ್ಕೆಂದು ಥಾಮಸ್ ಆ ಕೆಂಪಿಸನ ಕ್ರಿಸ್ತಾನುಕರಣೆಯ ಗ್ರಂಥವನ್ನು ತಿರುವಿಹಾಕುತ್ತ, ಇದು ನಿಜವಾಗಿದ್ದರೆ ತನ್ನ ಗತಿಯೇನು ಎಂದು ಬೆಚ್ಚಿ ಪುಸ್ತಕವನ್ನು ಮುಚ್ಚಿದ್ದನು. ಅಲೆಯ ಹೊಡೆತಕ್ಕೆ ಹಡಗಿನ ಮೇಲಿನ ಮರಗಳು ಒಂದು ಬದಿಯಲ್ಲಿ ಕಿತ್ತುಹೋದುವು. ನೀರು ಒಳಗೆ ನುಗ್ಗಿತು. ನ್ಯೂಟನನು ಮೇಲಕ್ಕೆ ಹತ್ತುತ್ತಿದ್ದಾಗ ಕಪ್ತಾನನು ಒಂದು ಚೂರಿಯನ್ನು ತರಹೇಳಿದನು. ಅವನು ಕೆಳಗಿಳಿದ ಕ್ಷಣದಲ್ಲಿ ಅವನಿಗೆ ಬದಲಾಗಿ ಮೇಲೆ ಹೋದವನನ್ನು ಅಲೆಯು ಎಳೆದುಕೊಂಡು ಹೋಯಿತು. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಒಂಬತ್ತು ಗಂಟೆಗಳ ಕಾಲ ಅವನು ನೀರೆತ್ತುವ ಪಂಪನ್ನು ಒತ್ತಿದನು. ಅಲೆಯು ತನ್ನನ್ನು ಕೊಂಡೊಯ್ಯದಂತೆ ಮೈಯನ್ನು ಹಗ್ಗದಿಂದ ಬಿಗಿದುಕೊಂಡಿದ್ದನು. ಆ ದುಡಿಮೆಯ ನಡುವೆ, ಕೆಲಸ ಕೈಗೂಡದಿದ್ದರೆ ದೇವರು ಕರುಣಿಸಲಿ ಎಂಬ ಮಾತು ಅವನ ಬಾಯಿಂದ ಅರಿವಿಲ್ಲದೆ ಹೊರಟಿತು. ಹೇಳಿದವನೇ ಬೆರಗಾದನು. ದೇವರಿಲ್ಲವೆಂದು ಎಷ್ಟೋ ಜನರಿಗೆ ಬೋಧಿಸಿದ ಬಾಯಿಗೆ ಕರುಣೆಯನ್ನು ಬೇಡುವ ಹಕ್ಕೆಲ್ಲಿಯದು?

ಪಂಪು ಒತ್ತಲಾರದೆ ಸೋತ ಮೇಲೆ ಅವನನ್ನು ಚುಕ್ಕಾಣಿಯ ಬಳಿ ನಿಲ್ಲಿಸಿದರು. ಅರ್ಧರಾತ್ರಿಯವರೆಗೆ ಅಲ್ಲಿ ನಿಂತು ತನ್ನ ಜೀವಿತವನ್ನೆಲ್ಲ ನೆನೆದನು. ತಾಯಿಯು ಕಲಿಸಿದ ವಾಕ್ಯಗಳು ಹದಿನಾರು ವರ್ಷಗಳ ಮೇಲೆ ಒಂದೊಂದಾಗಿ ಎದ್ದುಬಂದುವು. ಮರವೂ ಮೇಣವೂ ನೀರಿಗಿಂತ ಹಗುರವಾದ ಸರಕಾದ್ದರಿಂದ ಹಡಗು ಮುಳುಗಲಿಲ್ಲ. ನಾಲ್ಕು ವಾರಗಳ ಕಾಲ ಅರೆಹೊಟ್ಟೆಯಲ್ಲಿ ತೇಲಾಡಿ, ಏಪ್ರಿಲ್ ತಿಂಗಳಲ್ಲಿ ಐರ್ಲೆಂಡಿನ ದಡವನ್ನು ಸೇರಿದರು. ಈ ಪ್ರವಾದಿ ಯೋನನನ್ನು ಹತ್ತಿಸಿಕೊಂಡಿದ್ದರಿಂದಲೇ ಹಡಗಿಗೆ ಕೇಡು ಬಂತೆಂದು ಕಪ್ತಾನನು ಮತ್ತೆ ಮತ್ತೆ ಅನ್ನುತ್ತಿದ್ದನು. ನ್ಯೂಟನನಾದರೋ ತಪ್ಪಿಹೋದ ಮಗನ ಸಾಮ್ಯವನ್ನು ಓದಿ, ಆ ಮಗನು ತಾನೇ ಎಂದು ಕಂಡುಕೊಂಡನು. ಆ ಮಾರ್ಚ್ ದಿನವನ್ನು ಸಾಯುವವರೆಗೂ ಪ್ರತಿ ವರ್ಷ ಪ್ರಾರ್ಥನೆಯಿಂದ ಆಚರಿಸಿದನು.

ಐರ್ಲೆಂಡಿನಿಂದಲೇ ಅವನು ತಂದೆಗೆ ಕಾಗದ ಬರೆದನು. ಹಡಗೂ ಮಗನೂ ಮುಳುಗಿಹೋದರೆಂದು ನಂಬಿದ್ದ ತಂದೆಗೆ ಅದು ಸತ್ತವನು ಬದುಕಿಬಂದಂತಾಯಿತು. ಆದರೆ ತಂದೆಯು ಉತ್ತರ ಅಮೆರಿಕದ ಹಡ್ಸನ್ ಕೊಲ್ಲಿಯಲ್ಲಿದ್ದ ಯಾರ್ಕ್ ಕೋಟೆಗೆ ಅಧಿಪತಿಯಾಗಿ ಹೊರಡುವ ಸಿದ್ಧತೆಯಲ್ಲಿದ್ದನು. ಮಗನು ಇಂಗ್ಲೆಂಡಿಗೆ ಬರುವಷ್ಟರಲ್ಲಿ ಅವನ ಹಡಗು ಹೊರಟುಹೋಗಿತ್ತು. ಹೊರಡುವ ಮುಂಚೆ ತಂದೆಯು ಮಾಡಿದ ಕಾರ್ಯವನ್ನು ನೋಡಿರಿ: ಮಗನಿಗೆ ಪ್ರೀತಿಯ ಕಾಗದಗಳನ್ನು ಬರೆದನು; ಕೆಂಟಿಗೆ ತಾನೇ ಹೋಗಿ, ಎಷ್ಟೋ ಜಗಳಗಳಿಗೆ ಕಾರಣವಾಗಿದ್ದ ಮೇರಿಯ ಸಂಬಂಧಕ್ಕೆ ತನ್ನ ಒಪ್ಪಿಗೆಯನ್ನು ತಿಳಿಸಿದನು. ತಂದೆಮಕ್ಕಳು ಮತ್ತೆ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ೧೭೫೦ರಲ್ಲಿ ತಂದೆಯು ಯಾರ್ಕ್ ಕೋಟೆಯ ಬಳಿ ನೀರಿನಲ್ಲಿ ಮುಳುಗಿ ತೀರಿಹೋದನು. ಕಾಲಿಗೆ ಬಿದ್ದು ಕ್ಷಮೆ ಕೇಳುವ ಅವಕಾಶ ಮಗನಿಗೆ ದೊರೆಯಲಿಲ್ಲ. ಆದರೆ ಕೇಳುವ ಮೊದಲೇ ಕ್ಷಮೆಯು ಅವನಿಗಾಗಿ ಆ ಮನೆಯಲ್ಲಿ ಕಾದಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಅವನಿಗೂ ಮೇರಿಗೂ ವಿವಾಹವಾಗಿತ್ತು.

ಚರಿತ್ರೆಯನ್ನು ಇಲ್ಲಿಗೆ ನಿಲ್ಲಿಸಿದರೆ ಕೇಳುವುದಕ್ಕೆ ಸೊಗಸಾಗಿರುತ್ತದೆ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಬಿರುಗಾಳಿಯಲ್ಲಿ ಮನಸ್ಸು ತಿರುಗಿದ ನಾವಿಕನು ಕೂಡಲೇ ಗುಲಾಮರ ವ್ಯಾಪಾರವನ್ನು ಬಿಟ್ಟು ಪಾದ್ರಿಯಾದನೆಂದು ಹೇಳುವವರೂ ಉಂಟು. ಅದು ನಿಜವಲ್ಲ, ನಿಜವಲ್ಲದ್ದನ್ನು ಭಕ್ತಿಯ ಹೆಸರಿನಲ್ಲಿಯೂ ಹೇಳಬಾರದು. ಆ ಬಿರುಗಾಳಿಯ ವರ್ಷದಲ್ಲಿಯೇ ನ್ಯೂಟನನು ಮ್ಯಾನೆಸ್ಟಿಯ ಇನ್ನೊಂದು ಹಡಗಿನಲ್ಲಿ ಕಪ್ತಾನನ ಕೈಕೆಳಗಿನ ಅಧಿಕಾರಿಯಾಗಿ ಗುಲಾಮರನ್ನು ತರಲು ಹೋದನು. ಅನಂತರ ೧೭೫೦ರಿಂದ ೧೭೫೪ರವರೆಗೆ ತಾನೇ ಕಪ್ತಾನನಾಗಿ ಮೂರು ಸಾರಿ ಹೋಗಿಬಂದನು. ಭಾನುವಾರಗಳಲ್ಲಿ ನಾವಿಕರನ್ನು ಕೂಡಿಸಿ ಆರಾಧನೆ ನಡೆಸಿದನು. ದೂಷಣೆಯ ಮಾತುಗಳನ್ನು ನಿಲ್ಲಿಸಿದನು. ಹೆಂಡತಿಗೆ ಭಕ್ತಿಯೂ ಪ್ರೇಮವೂ ತುಂಬಿದ ಕಾಗದಗಳನ್ನು ಬರೆದನು. ಅವನು ಪ್ರಾರ್ಥಿಸುತ್ತಿದ್ದ ಕೋಣೆಯ ಕೆಳಗೆ ಇಬ್ಬಿಬ್ಬರಿಗೆ ಒಂದೊಂದು ಸಂಕೋಲೆಯಂತೆ ಬಿಗಿದ ಜನರು ಬಿದ್ದಿದ್ದರು.

ಇನ್ನೂ ಒಂದು ಸಂಗತಿ. ೧೭೫೨ರ ಕೊನೆಯಲ್ಲಿ, ಅವನ ಹಡಗಿನಲ್ಲಿದ್ದ ಗುಲಾಮರು ತಿರುಗಿಬೀಳುವ ಸಂಚು ಮಾಡಿದ್ದಾರೆಂದು ತಿಳಿದುಬಂದಿತು. ಕಪ್ತಾನ ನ್ಯೂಟನನು ಅವರಲ್ಲಿದ್ದ ಹುಡುಗರಿಗೆ ಕೋಳ ಹಾಕಿಸಿ, ನಿಜವನ್ನು ಹೇಳಿಸುವುದಕ್ಕಾಗಿ ಅವರ ಹೆಬ್ಬೆರಳುಗಳನ್ನು ಕಬ್ಬಿಣದ ತಿರುಪಿನಿಂದ ಅದುಮಿಸಿದನು. ಹಾಗೆಂದು ದಿನಚರಿಯಲ್ಲಿ ತಾನೇ ಬರೆದನು. ಏಳು ವರ್ಷಗಳ ಹಿಂದೆ ಹಾರ್ವಿಚ್ ಹಡಗಿನಲ್ಲಿ ಕೋಳ ತೊಟ್ಟು ಹೊಡೆತ ತಿಂದವನೇ ಈಗ ಅಧಿಕಾರದ ಸ್ಥಾನದಲ್ಲಿ ನಿಂತು ಹೀಗೆ ನಡೆದನು. ತನ್ನ ತಿರುಗಿಬೀಳುವಿಕೆಗೆ ದೇವರ ಮತ್ತು ತಂದೆಯ ಕ್ಷಮೆಯನ್ನು ಹೊಂದಿದವನಿಗೆ, ಬಿಡುಗಡೆಯನ್ನು ಬಯಸಿದ ಆ ಹುಡುಗರ ತಿರುಗಿಬೀಳುವಿಕೆಯು ಅರ್ಥವಾಗಲಿಲ್ಲ.

ಇದಕ್ಕೆ ಕಾರಣವೇನು? ಅವನು ಕಪಟಿಯಾಗಿದ್ದನೆಂದು ಹೇಳಿ ನಾವು ಪಾರಾಗಲಾಗದು. ಆ ಕಾಲದಲ್ಲಿ ಗುಲಾಮರ ವ್ಯಾಪಾರವು ಕಾನೂನಿಗೆ ಒಪ್ಪಿಗೆಯಾದ ಕೆಲಸ. ಮ್ಯಾನೆಸ್ಟಿಯಂತಹ ಮರ್ಯಾದಸ್ಥರು ಅದರಲ್ಲಿ ಹಣ ಹಾಕಿದ್ದರು. ಇದು ಪಾಪವೆಂದು ಅವನಿಗೆ ಹೇಳಬಹುದಾಗಿದ್ದ ಬೋಧಕರಲ್ಲಿ ಹೆಚ್ಚಿನವರು ಸುಮ್ಮನಿದ್ದರು. ಚಿಕ್ಕಂದಿನಲ್ಲಿ ಎಲ್ಲ ಅಧಿಕಾರವನ್ನೂ ತಳ್ಳಿಹಾಕಿದವನು, ದೇವರ ಕಡೆಗೆ ತಿರುಗಿದ ಮೇಲೆ ಲೋಕದ ಅಧಿಕಾರವೆಲ್ಲವನ್ನೂ ಪ್ರಶ್ನೆಯಿಲ್ಲದೆ ಒಪ್ಪಿಕೊಂಡನು. ವಿಧೇಯತೆಯು ಒಳ್ಳೆಯ ಗುಣವೇ. ಆದರೆ ಎಲ್ಲರೂ ಮಾಡುತ್ತಾರೆ, ಸರಕಾರವೂ ಒಪ್ಪಿದೆ ಎಂಬ ಕಾರಣಕ್ಕಾಗಿ ನೆರೆಯವನ ನೋವನ್ನು ಕಾಣದೆ ಹೋಗುವುದು ವಿಧೇಯತೆಯಲ್ಲ. ೧೭೫೪ರಲ್ಲಿ ಅವನು ಸಮುದ್ರವನ್ನು ಬಿಟ್ಟುದೂ ಮನಸ್ಸಾಕ್ಷಿಯಿಂದಲ್ಲ. ಒಮ್ಮೆ ಇದ್ದಕ್ಕಿದ್ದಂತೆ ಮೂರ್ಛೆ ಬಂದು ಬಿದ್ದುದರಿಂದ ವೈದ್ಯರು ಪ್ರಯಾಣವನ್ನು ನಿಲ್ಲಿಸಿದರು.

ಲಿವರ್ಪೂಲ್ ರೇವಿನ ಸುಂಕದ ಇಲಾಖೆಯಲ್ಲಿ ಅವನಿಗೆ ಕೆಲಸ ದೊರೆಯಿತು. ಬಿಡುವಿನಲ್ಲಿ ಗ್ರೀಕ್ ಮತ್ತು ಹೀಬ್ರೂ ಭಾಷೆಗಳನ್ನು ಸ್ವಂತ ಪ್ರಯತ್ನದಿಂದ ಕಲಿತು, ಸಭಾಪಾಲಕನಾಗಲು ಅರ್ಜಿ ಹಾಕಿದನು. ವಿಶ್ವವಿದ್ಯಾಲಯದಲ್ಲಿ ಓದದವನೆಂದೂ ಅತಿ ಉತ್ಸಾಹಿಗಳ ಸಂಗಡ ಸೇರಿದವನೆಂದೂ ಸಭೆಯ ಮೇಲಧಿಕಾರಿಗಳು ವರ್ಷಗಟ್ಟಲೆ ಅವನನ್ನು ಅಂಗೀಕರಿಸಲಿಲ್ಲ. ಈ ಸಾರಿ ಅವನು ತಿರುಗಿಬೀಳದೆ ಕಾದುಕೊಂಡಿದ್ದನು. ೧೭೬೪ರಲ್ಲಿ, ಮೂವತ್ತೆಂಟು ವರ್ಷದವನಾಗಿದ್ದಾಗ, ದೀಕ್ಷೆ ಹೊಂದಿ ಆಲ್ನಿ ಎಂಬ ಸಣ್ಣ ಊರಿಗೆ ಬೋಧಕನಾಗಿ ಹೋದನು. ತಾಯಿಯ ಆಸೆಯು ಅವಳು ತೀರಿಕೊಂಡು ಮೂವತ್ತೆರಡು ವರ್ಷಗಳಾದ ಮೇಲೆ ನೆರವೇರಿತು.

ಆಲ್ನಿಯ ಜನರು ಲೇಸು ಹೆಣೆದು ಹೊಟ್ಟೆ ಹೊರೆಯುವ ಬಡವರು. ಅವರ ಮನೆಗಳಿಗೆ ನ್ಯೂಟನನು ಹಳೆಯ ನಾವಿಕರ ನೀಲಿ ಅಂಗಿಯಲ್ಲೇ ಹೋಗುತ್ತಿದ್ದನು. ಮಕ್ಕಳಿಗಾಗಿ ವಾರದ ನಡುವೆ ಬೇರೆ ಕೂಟವನ್ನು ನಡೆಸಿದನು. ಮನೋವ್ಯಾಧಿಯಿಂದ ನೊಂದಿದ್ದ ವಿಲಿಯಂ ಕೂಪರ್ ಎಂಬ ಕವಿಯು ಅವನ ನೆರೆಯಲ್ಲಿ ಬಂದು ನೆಲಸಿದನು. ಆ ಕವಿಯು ಪ್ರಾಣವನ್ನು ಕಳೆದುಕೊಳ್ಳಲು ಯತ್ನಿಸಿದ ಕಾಲದಲ್ಲಿ ನ್ಯೂಟನನೂ ಮೇರಿಯೂ ಅವನನ್ನು ತಿಂಗಳುಗಟ್ಟಲೆ ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು. ಇಬ್ಬರೂ ಸೇರಿ ರಚಿಸಿದ ಕೀರ್ತನೆಗಳ ಪುಸ್ತಕವು ೧೭೭೯ರಲ್ಲಿ ಅಚ್ಚಾಯಿತು. ಅಮೇಜಿಂಗ್ ಗ್ರೇಸ್ ಕೀರ್ತನೆಯು ೧೭೭೩ನೆಯ ಜನವರಿ ೧ರ ಹೊಸವರ್ಷದ ಆರಾಧನೆಗಾಗಿ ಸಿದ್ಧವಾದುದು. ಆ ದಿನದ ಪ್ರಸಂಗವು ಪೂರ್ವಕಾಲವೃತ್ತಾಂತದ ಒಂದನೆಯ ಪುಸ್ತಕದ ೧೭ನೆಯ ಅಧ್ಯಾಯವನ್ನು ಕುರಿತದ್ದು; ಅಲ್ಲಿ ದಾವೀದ ಅರಸನು ದೇವರ ಸನ್ನಿಧಿಯಲ್ಲಿ ಕುಳಿತು, ತನ್ನನ್ನು ಇಷ್ಟು ದೂರ ನಡೆಸಿತಂದ ಕೃಪೆಗೆ ತಾನು ಎಷ್ಟರವನೆಂದು ಬೆರಗಾಗುತ್ತಾನೆ. ಇಂದು ನಾವು ಕೇಳುವ ರಾಗವು ೧೮೩೫ರಲ್ಲಿ ಅಮೆರಿಕ ದೇಶದಲ್ಲಿ ಅದಕ್ಕೆ ಸೇರಿತು. ನ್ಯೂಟನನು ಅದನ್ನು ಕೇಳಿದವನಲ್ಲ.

೧೭೮೦ರಲ್ಲಿ ನ್ಯೂಟನನು ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ದೇವಾಲಯಕ್ಕೆ ಬಂದನು. ೧೭೮೫ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಯುವಕನು ಯಾರಿಗೂ ತಿಳಿಯದಂತೆ ಅವನ ಮನೆಗೆ ಬಂದನು. ಇವನು ಪಾರ್ಲಿಮೆಂಟಿನ ಸದಸ್ಯನು. ಭಕ್ತಿಮಾರ್ಗವನ್ನು ಹಿಡಿದ ಮೇಲೆ ರಾಜಕಾರ್ಯವನ್ನು ಬಿಡಬೇಕೇ ಎಂದು ಕೇಳಲು ಬಂದವನು. ಬಿಡಬಾರದು, ದೇವರು ನಿನ್ನನ್ನು ಅಲ್ಲಿಯೇ ಉಪಯೋಗಿಸಬಹುದು ಎಂಬ ಅರ್ಥದ ಬುದ್ಧಿಯನ್ನು ಮುದುಕನು ಹೇಳಿದನು. ಎರಡು ವರ್ಷಗಳೊಳಗೆ ಆ ಯುವಕನು ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಕಾರ್ಯವನ್ನು ಕೈಗೆತ್ತಿಕೊಂಡನು. ಆಗ ನ್ಯೂಟನನೂ ಸುಮ್ಮನಿರಲಾರದೆ ಹೋದನು.

೧೭೮೮ರಲ್ಲಿ, ಹಡಗನ್ನು ಬಿಟ್ಟು ಮೂವತ್ತನಾಲ್ಕು ವರ್ಷಗಳಾದ ಮೇಲೆ, ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತು ಅವನು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ತಾನು ಅದರಲ್ಲಿ ಕೈಹಾಕಿದ್ದವನೆಂದು ಲೋಕದ ಮುಂದೆ ನಾಚಿಕೆಯನ್ನು ಹೊರುವುದು ತನ್ನ ಮೇಲಿರುವ ಕರ್ತವ್ಯವೆಂದೂ, ಈ ಅರಿಕೆಯು ತಡವಾಗಿ ಬಂದುದರಿಂದ ಆಗಿಹೋದ ದುಃಖವನ್ನು ಅದು ಸರಿಪಡಿಸಲಾರದೆಂದೂ ಆರಂಭದಲ್ಲಿಯೇ ಒಪ್ಪಿಕೊಂಡನು. ಅನಂತರ ಕಂಡದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದನು. ನೂರು ಟನ್ನಿನಷ್ಟು ಸಣ್ಣ ಹಡಗಿನಲ್ಲಿ ೨೨೦ರಿಂದ ೨೫೦ ಜನರನ್ನು ಹೇಗೆ ತುಂಬುತ್ತಿದ್ದರೆಂಬುದನ್ನೂ, ಕಪಾಟಿನಲ್ಲಿ ಪುಸ್ತಕಗಳನ್ನಿಡುವಂತೆ ಅವರನ್ನು ಒತ್ತೊತ್ತಾಗಿ ಎರಡು ಅಂತಸ್ತುಗಳಲ್ಲಿ ಹೇಗೆ ಮಲಗಿಸುತ್ತಿದ್ದರೆಂಬುದನ್ನೂ ಬರೆದನು. ಹೆಂಗಸರಿಗೂ ಕನ್ಯೆಯರಿಗೂ ನಾವಿಕರಿಂದಾಗುತ್ತಿದ್ದ ಅವಮಾನವನ್ನೂ ಮರೆಮಾಡಲಿಲ್ಲ. ಒಬ್ಬ ತಾಯಿಯ ಕಂಕುಳಲ್ಲಿದ್ದ ಒಂದು ವರ್ಷದ ಕೂಸು ರಾತ್ರಿ ಅತ್ತು ನಿದ್ದೆಗೆಡಿಸಿತೆಂದು ಹಡಗಿನ ಅಧಿಕಾರಿಯೊಬ್ಬನು ಅದನ್ನು ಕಿತ್ತು ಸಮುದ್ರಕ್ಕೆ ಎಸೆದ ಸಂಗತಿಯೂ ಅದರಲ್ಲಿದೆ. ಈ ಪುಸ್ತಕದ ಪ್ರತಿಗಳನ್ನು ಪಾರ್ಲಿಮೆಂಟಿನ ಸದಸ್ಯರಿಗೆ ಕಳುಹಿಸಿದರು. ವಿಚಾರಣೆಯ ಸಮಿತಿಗಳ ಮುಂದೆಯೂ ನ್ಯೂಟನನು ಹಾಜರಾಗಿ ಸಾಕ್ಷ್ಯ ಹೇಳಿದನು. ಬೇರೆಯವರು ಕೇಳಿದ್ದನ್ನು ಹೇಳಬಲ್ಲವರಾಗಿದ್ದರು; ಇವನು ಮಾಡಿದ್ದನ್ನು ಹೇಳಿದನು. ಅವನ ಮಾತಿನ ತೂಕಕ್ಕೆ ಅವನ ಪಾಪವೇ ಕಾರಣವಾಯಿತು.

೧೭೯೦ರ ಡಿಸೆಂಬರಿನಲ್ಲಿ ಮೇರಿಯು ದೀರ್ಘ ವ್ಯಾಧಿಯಿಂದ ತೀರಿಕೊಂಡಳು. ೧೭೯೩ರಲ್ಲಿ ಬಂಗಾಳಕ್ಕೆ ಹೊರಟಿದ್ದ ವಿಲಿಯಂ ಕೇರಿಯು ಈ ಮುದುಕನಿಂದ ಬುದ್ಧಿಯನ್ನೂ ಧೈರ್ಯವನ್ನೂ ಪಡೆದು ಹೋದನು. ಕನ್ನಡ ಭಾಷೆಯ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ೧೮೧೭ರಲ್ಲಿ ಸೆರಾಂಪುರದಲ್ಲಿ ಅಚ್ಚುಮಾಡಿಸಿದ ಕೇರಿಯು ಇವನೇ. ನ್ಯೂಟನನು ಕಣ್ಣು ಮಬ್ಬಾಗಿ ನೆನಪು ಕುಂದಿದ ಮೇಲೂ, ದೇಹದಲ್ಲಿ ಉಸಿರಿರುವವರೆಗೆ ಕೃಪೆಯನ್ನು ಸಾರುವೆನೆಂದು ಪೀಠವನ್ನು ಬಿಡಲಿಲ್ಲ. ೧೮೦೭ನೆಯ ಮಾರ್ಚ್ ೨೫ರಂದು ಬ್ರಿಟಿಷ್ ಹಡಗುಗಳು ಗುಲಾಮರ ವ್ಯಾಪಾರ ಮಾಡಕೂಡದೆಂಬ ಶಾಸನಕ್ಕೆ ರಾಜನ ಒಪ್ಪಿಗೆ ದೊರೆಯಿತು. ಅದೇ ವರ್ಷ ಡಿಸೆಂಬರ್ ೨೧ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ನ್ಯೂಟನನು ಪ್ರಾಣಬಿಟ್ಟನು. ತನ್ನ ಸಮಾಧಿಯ ಕಲ್ಲಿಗೆಂದು ತಾನೇ ಬರೆದಿಟ್ಟ ಮಾತುಗಳಲ್ಲಿ, ಒಂದು ಕಾಲದಲ್ಲಿ ತಾನು ನಾಸ್ತಿಕನೂ ದುರಾಚಾರಿಯೂ ಆಫ್ರಿಕದಲ್ಲಿ ಗುಲಾಮರ ಸೇವಕನೂ ಆಗಿದ್ದೆನೆಂಬುದನ್ನು ಮೊದಲು ಹೇಳಿ, ಕ್ರಿಸ್ತನ ಕರುಣೆಯಿಂದ ಕ್ಷಮೆ ಹೊಂದಿದುದನ್ನು ಆಮೇಲೆ ಹೇಳಿಸಿದನು. ಈಗಾಗಲೇ ಗುಲಾಮರಾಗಿದ್ದವರಿಗೆ ಬಿಡುಗಡೆಯ ಶಾಸನವು ೧೮೩೩ರಲ್ಲಿ ಬಂದಿತು.

ಈ ಚರಿತ್ರೆಯಿಂದ ನಾವು ಮೊದಲು ಕೇಳಿದ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆಂದು ನಂಬುತ್ತೇವೆ. ತಿರುಗಿಬಿದ್ದವನನ್ನು ಮರಳಿ ತಂದದ್ದು ಪಾಠಶಾಲೆಯ ಬೆತ್ತವೂ ಅಲ್ಲ, ಯುದ್ಧನೌಕೆಯ ಕೊರಡೆಯೂ ಅಲ್ಲ. ಆರು ವರ್ಷದವನಿಗೆ ತಾಯಿಯು ಕಲಿಸಿದ ವಾಕ್ಯ, ಸಿಟ್ಟಾದರೂ ಹುಡುಕುವುದನ್ನು ಬಿಡದ ತಂದೆಯ ಮನಸ್ಸು, ಇವುಗಳ ಮೂಲಕ ದೇವರು ಅವನನ್ನು ಎಳೆದುಕೊಂಡನು. ತಂದೆತಾಯಿಗಳು ಇದನ್ನು ಮನಸ್ಸಿನಲ್ಲಿಡಬೇಕು. ಮಗಳು ಹಟಮಾರಿಯಾದಾಗ ಇಷ್ಟು ವರ್ಷ ಕಲಿಸಿದ್ದೆಲ್ಲ ನೀರಿನಲ್ಲಿ ಹೋಮವಾಯಿತೆಂದು ಕೊರಗಬೇಕಾಗಿಲ್ಲ. ಕಲಿಸಿದ್ದು ಎಲ್ಲಿಯೂ ಹೋಗುವುದಿಲ್ಲ. ಬಿರುಗಾಳಿಯ ಹೊತ್ತಿಗೆ ಅದು ಎದ್ದುಬರುತ್ತದೆ; ಆ ಹೊತ್ತಿನಲ್ಲಿ ಮರಳಿ ಬರಲು ಅವಳಿಗೆ ಮನೆಯ ಬಾಗಿಲು ತೆರೆದಿದ್ದರೆ ಸಾಕು.

ಕ್ಷಮೆಯ ವಿಷಯವಾಗಿ ಇನ್ನೊಂದು ಮಾತು. ದೇವರ ಕ್ಷಮೆಯನ್ನು ನ್ಯೂಟನನು ಬೆಲೆ ಕೊಟ್ಟು ಕೊಳ್ಳಲಿಲ್ಲ. ಅದು ಉಚಿತವಾಗಿ ಬಂದಿತು. ಆದರೆ ಕ್ಷಮೆ ದೊರೆಯಿತೆಂದು ತಪ್ಪಿನ ಲೆಕ್ಕವನ್ನು ಮುಚ್ಚಿಬಿಡುವ ಹಕ್ಕು ಅವನ ಕೈಗೆ ಬರಲಿಲ್ಲ. ಅವನು ಮಾರಿದ ಗಂಡಸರೂ ಹೆಂಗಸರೂ ಅವನನ್ನು ಕ್ಷಮಿಸಿದರೋ ಇಲ್ಲವೋ ಎಂದು ಕೇಳುವುದಕ್ಕೆ ಅವರಲ್ಲಿ ಒಬ್ಬರೂ ಅವನ ಮುಂದೆ ಇರಲಿಲ್ಲ. ಅವರ ಪರವಾಗಿ ಕ್ಷಮಿಸುವ ಅಧಿಕಾರವು ನಮಗೂ ಇಲ್ಲ. ಜಕ್ಕಾಯನು ಕರ್ತನನ್ನು ಮನೆಯಲ್ಲಿ ಸೇರಿಸಿಕೊಂಡ ದಿನವೇ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡಲು ಎದ್ದುನಿಂತನು. ನ್ಯೂಟನನಿಗೆ ಎದ್ದುನಿಲ್ಲಲು ನಾಲ್ವತ್ತು ವರ್ಷ ಬೇಕಾಯಿತು. ತಡವಾಗಿಯಾದರೂ ಎದ್ದುನಿಂತನೆಂಬುದು ಅವನ ಗೌರವ. ತಡವಾಯಿತೆಂಬುದು ನಮಗೆ ಎಚ್ಚರಿಕೆ.

ನಮ್ಮ ಪಾಠಶಾಲೆಯಿಂದ ಹೊರಟುಹೋದ ಹೆಣ್ಣುಮಕ್ಕಳು ಈಗ ಎಷ್ಟೋ ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ, ತರಗತಿಗಳಲ್ಲಿ ತಾವೇ ಅಧಿಕಾರವುಳ್ಳವರಾಗಿದ್ದಾರೆ. ವಿಧೇಯರಾಗಿರಿ ಎಂದು ಅವರಿಗೆ ಇಲ್ಲಿ ಕಲಿಸಿದ್ದೇವೆ. ಆ ಪಾಠವನ್ನು ಹಿಂದೆಗೆಯುವುದಿಲ್ಲ. ಅದರ ಸಂಗಡ ಇದನ್ನೂ ಸೇರಿಸುತ್ತೇವೆ: ನಿಮ್ಮ ಕೈಕೆಳಗಿನವರು ತಿರುಗಿಬಿದ್ದಾಗ, ಶಿಕ್ಷಿಸುವ ಮೊದಲು ಅವರ ನೋವೇನೆಂದು ಕೇಳಿರಿ. ನೀವು ಯಾರ ಅನ್ನದ ಪಾಲನ್ನು ತಿಂದು ಬದುಕಿದಿರೋ ಅವರನ್ನು ಮರೆಯಬೇಡಿರಿ. ಯಾರಲ್ಲಿ ಕ್ಷಮೆ ಕೇಳಬೇಕಾಗಿದೆಯೋ ಅವರು ಇನ್ನೂ ಬದುಕಿದ್ದರೆ, ಅವರ ಹಡಗು ಹೊರಡುವುದಕ್ಕೆ ಮುಂಚೆ ಹೋಗಿ ಕೇಳಿರಿ. ಇದಕ್ಕೆ ಬೇಕಾದ ಮನಸ್ಸನ್ನು ಕರುಣಾಳುವಾದ ದೇವರು ನಿಮಗೂ ನಮಗೂ ಅನುಗ್ರಹಿಸಲಿ.